ಭಾವಚಿತ್ರಗಾರನೂ ಆಕ್ಷೇಪಿಸುವ ಗಿರಾಕಿಯೂ

೧

ಭಾವಚಿತ್ರವೆಂದರೆ ವ್ಯಕ್ತಿಯೊಬ್ಬನ ಮುಖವನ್ನು ಯಂತ್ರವು ಇದ್ದುದು ಇದ್ದಂತೆ ಹಿಡಿದಿಟ್ಟ ಪ್ರತಿ ಎಂಬುದು ಸಾಮಾನ್ಯವಾದ ತಿಳಿವಳಿಕೆ. ಇತಿಹಾಸದ ವಿದ್ಯಾರ್ಥಿಗಳೂ ಹಳೆಯ ಛಾಯಾಚಿತ್ರಗಳನ್ನು ಆಧಾರವಾಗಿ ಬಳಸುವಾಗ ಈ ನಂಬಿಕೆಯಿಂದಲೇ ಹೊರಡುವುದುಂಟು. ಆದರೆ ಹಣ ಕೊಟ್ಟು ತೆಗೆಯಿಸಿದ ಭಾವಚಿತ್ರದಲ್ಲಿ ಯಂತ್ರದ ಕೆಲಸದಷ್ಟೇ ಮುಖ್ಯವಾದ ಮತ್ತೊಂದು ಅಂಶವಿದೆ. ತೆಗೆದವನಿಗೂ ತೆಗೆಯಿಸಿಕೊಂಡವನಿಗೂ ನಡುವೆ ನಡೆದ ಮಾತುಕತೆ, ಒತ್ತಾಯ, ರಾಜಿ ಇವೆಲ್ಲವೂ ಆ ಚಿತ್ರದಲ್ಲಿ ಅಡಗಿರುತ್ತವೆ. ಬೆಳ್ತಂಗಡಿ, ಉಜಿರೆ, ವೇಣೂರು, ಮೂಡುಬಿದಿರೆ, ಬಂಟ್ವಾಳಗಳಂತಹ ಪೇಟೆಗಳ ಸ್ಟುಡಿಯೊಗಳಲ್ಲಿ ‘ತಕರಾರಿನ ಗಿರಾಕಿ’ ಎಂದು ಯಾರನ್ನು ಕರೆಯುತ್ತಾರೋ ಅಂಥವರ ಆಕ್ಷೇಪಣೆಗಳಿಗೆ ಕಾರಣಗಳೇನು, ಅವನ್ನು ಭಾವಚಿತ್ರಗಾರನು ಹೇಗೆ ಎದುರಿಸಬೇಕು, ಅವುಗಳಿಂದ ಇತಿಹಾಸಕಾರನು ಕಲಿಯಬೇಕಾದುದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆಕ್ಷೇಪಿಸುವ ಗಿರಾಕಿಯು ಕಸುಬಿಗೆ ಅಡ್ಡಿಯಲ್ಲ. ತನ್ನ ಮುಖದ ಮೇಲೆ ತನಗಿರುವ ಹಕ್ಕನ್ನು ಆತನು ಚಲಾಯಿಸುತ್ತಿದ್ದಾನೆ ಎಂಬುದು ನಮ್ಮ ಅಭಿಪ್ರಾಯ.

೨

ಫ್ರಾನ್ಸಿನ ದಾಗೇರ್ ಎಂಬಾತನ ವಿಧಾನವು ೧೮೩೯ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಆ ಕಾಲದಲ್ಲಿ ಒಂದು ಚಿತ್ರಕ್ಕಾಗಿ ಹಲವು ನಿಮಿಷಗಳ ಕಾಲ ಬಿಸಿಲಿನಲ್ಲಿ ಅಲುಗಾಡದೆ ಕುಳಿತಿರಬೇಕಾಗಿತ್ತು. ತಲೆ ಕದಲದಂತೆ ಕುರ್ಚಿಯ ಹಿಂದೆ ಕಬ್ಬಿಣದ ಆಸರೆಯನ್ನು ನಿಲ್ಲಿಸುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಯಾರೂ ನಗದಿರುವುದಕ್ಕೆ ಇದೂ ಒಂದು ಕಾರಣ. ಅದನ್ನು ಆ ಕಾಲದವರ ಗಾಂಭೀರ್ಯವೆಂದು ಮಾತ್ರ ತಿಳಿಯುವುದು ಸರಿಯಲ್ಲ. ದೇಹದ ಕಷ್ಟದ ಜೊತೆಗೆ ಮನಸ್ಸಿನ ಅಳುಕೂ ಇತ್ತು. ಫೋಟೋ ತೆಗೆಯಿಸಿದರೆ ಆಯುಸ್ಸು ಕಡಮೆಯಾಗುತ್ತದೆ ಎಂಬ ಮಾತು ನಮ್ಮ ಹಳ್ಳಿಗಳ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವವರು ಫ್ರಾನ್ಸಿನ ಮಹಾ ಕಾದಂಬರಿಕಾರ ಬಾಲ್ಜಾಕ್‌ನನ್ನು ನೆನೆಯಬೇಕು. ಪ್ರತಿಯೊಂದು ಚಿತ್ರವೂ ದೇಹದ ಒಂದೊಂದು ಪದರವನ್ನು ಕಳಚಿ ಒಯ್ಯುತ್ತದೆಂದು ಆತನು ಅಂಜುತ್ತಿದ್ದನೆಂಬುದನ್ನು ಪ್ಯಾರಿಸ್ಸಿನ ಪ್ರಸಿದ್ಧ ಛಾಯಾಚಿತ್ರಗಾರ ನಾದಾರ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ತನ್ನ ರೂಪವು ಪರರ ಕೈಸೇರುತ್ತದೆಂಬ ಅಂಜಿಕೆಯು ವಿದ್ಯೆಯಿಂದ ಮಾತ್ರ ಹೋಗತಕ್ಕದ್ದಲ್ಲ. ಆ ಅಂಜಿಕೆಗೆ ಆಧಾರವೇ ಇರಲಿಲ್ಲವೆಂದೂ ಹೇಳುವಂತಿಲ್ಲ.

೩

ಏಕೆಂದರೆ, ಆಕ್ಷೇಪಿಸುವ ಅಧಿಕಾರವೇ ಇಲ್ಲದೆ ಚಿತ್ರಕ್ಕೆ ಒಳಗಾದವರೂ ಇದ್ದರು. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ೧೯೦೯ರಲ್ಲಿ ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತು ಏಳು ಸಂಪುಟಗಳನ್ನು ಪ್ರಕಟಿಸಿದನು. ಬಂಟರು, ಬಿಲ್ಲವರು, ಕೊರಗರು ಮೊದಲಾಗಿ ನಮ್ಮ ಜಿಲ್ಲೆಯ ಜನವರ್ಗಗಳ ವಿವರಣೆಯೂ ಅವುಗಳಲ್ಲಿದೆ. ಥರ್ಸ್ಟನ್ ಜನರ ತಲೆ, ಮೂಗುಗಳನ್ನು ಉಪಕರಣಗಳಿಂದ ಅಳೆಯುತ್ತಿದ್ದನು, ಅವರ ಚಿತ್ರಗಳನ್ನೂ ತೆಗೆಯುತ್ತಿದ್ದನು. ವಯನಾಡಿನ ಪಣಿಯ ಹೆಂಗಸರು ತನ್ನನ್ನು ಕಂಡು ಓಡಿಹೋದರೆಂದೂ, ತಮ್ಮಲ್ಲಿ ಕೆಲವರನ್ನು ಒಯ್ದು ಸತ್ತ ಪ್ರಾಣಿಗಳಂತೆ ಒಳಗೆ ತುಂಬಿಸಿ ಸಂಗ್ರಹಾಲಯದಲ್ಲಿ ನಿಲ್ಲಿಸುತ್ತಾರೆಂದು ಅವರು ನಂಬಿದ್ದರೆಂದೂ ಅವನೇ ಬರೆದುಕೊಂಡಿದ್ದಾನೆ. ಅವನ ದೃಷ್ಟಿಯಲ್ಲಿ ಅದೊಂದು ವಿನೋದದ ಪ್ರಸಂಗ. ಆ ಹೆಂಗಸರ ದೃಷ್ಟಿಯಲ್ಲಿ ಅದು ಆಕ್ಷೇಪಣೆಯೇ. ಓಡಿಹೋಗುವುದರ ಹೊರತು ಆಕ್ಷೇಪಿಸಲು ಬೇರೆ ದಾರಿ ಅವರಿಗಿರಲಿಲ್ಲ.

ಇಂತಹ ಚಿತ್ರಗಳ ಕೆಳಗೆ ಸಾಮಾನ್ಯವಾಗಿ ಜಾತಿಯ ಹೆಸರಿರುತ್ತದೆ, ವ್ಯಕ್ತಿಯ ಹೆಸರಿರುವುದಿಲ್ಲ. ಸ್ಟುಡಿಯೊದ ಚಿತ್ರವು ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಕೂಲಿಯಾಳಾದರೂ ಕೆಲವು ರೂಪಾಯಿಗಳನ್ನು ಕೊಟ್ಟು, ಒಗೆದ ಅಂಗಿ ತೊಟ್ಟು, ತನಗೆ ಬೇಕಾದಂತೆ ಕುಳಿತು, ಚಿತ್ರ ಹಿಡಿಸದಿದ್ದರೆ ಹಿಡಿಸಲಿಲ್ಲವೆಂದು ಹೇಳಬಲ್ಲವನಾದನು. ‘ಇದು ನಾನಲ್ಲ’ ಎಂದು ಹೇಳುವ ಹಕ್ಕು ಗಿರಾಕಿಗೆ ದೊರೆತದ್ದು ಸಾಮಾಜಿಕ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

೪

ಗಿರಾಕಿಗಳ ಆಕ್ಷೇಪಣೆಗಳಲ್ಲಿ ಅತ್ಯಂತ ಸಾಮಾನ್ಯವಾದುದು ‘ನಾನು ಇಷ್ಟು ಕಪ್ಪಿಲ್ಲ’ ಎಂಬುದು. ಇದನ್ನು ಒಣ ಹೆಮ್ಮೆಯೆಂದು ಭಾವಿಸುವ ಮೊದಲು ಫಲಕದ ರಸಾಯನವನ್ನು ತಿಳಿಯುವುದು ಅಗತ್ಯ. ಆರಂಭದ ಫಲಕಗಳು ನೀಲಿ ಮತ್ತು ನೇರಳೆ ಬೆಳಕನ್ನು ಮಾತ್ರ ಗ್ರಹಿಸುತ್ತಿದ್ದವು. ಆಮೇಲೆ ಬಂದ ಆರ್ಥೊಕ್ರೊಮ್ಯಾಟಿಕ್ ಫಲಕಗಳು ಹಸುರನ್ನೂ ಗ್ರಹಿಸಿದವು; ಆದರೆ ಕೆಂಪಿಗೆ ಅವು ಕುರುಡಾಗಿದ್ದವು. ಕೆಂಪನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಲಕಗಳು ೧೯೦೬ರಿಂದ ಮಾರಾಟಕ್ಕೆ ಬಂದರೂ, ಹಳೆಯ ಬಗೆಯವನ್ನು ಕೆಂಪು ದೀಪದ ಬೆಳಕಿನಲ್ಲಿ ಕಣ್ಣಾರೆ ನೋಡುತ್ತ ತೊಳೆಯಬಹುದಾಗಿದ್ದುದರಿಂದ ಸಣ್ಣ ಸ್ಟುಡಿಯೊಗಳಿಗೆ ಅವೇ ಅನುಕೂಲವಾಗಿದ್ದವು. ಕೆಂಪನ್ನು ಕಾಣದ ಫಲಕದಲ್ಲಿ ಹಣೆಯ ಕುಂಕುಮವೂ ತಾಂಬೂಲದ ತುಟಿಯೂ ಕಪ್ಪಾಗುತ್ತವೆ. ಕಂದು ಮತ್ತು ಗೋಧಿ ಬಣ್ಣದ ಚರ್ಮವು ಇದ್ದುದಕ್ಕಿಂತ ಕಪ್ಪಾಗಿ ಮೂಡುತ್ತದೆ. ಕೆಂಪು ಬಣ್ಣವು ಧಾರಾಳವಾಗಿರುವ ಯಕ್ಷಗಾನದ ಮುಖವರ್ಣಿಕೆಯಂತೂ ಬೇರೆಯೇ ವೇಷವಾಗಿ ಕಾಣುತ್ತದೆ. ಆದುದರಿಂದ ಅಂದಿನ ಗಿರಾಕಿಯ ದೂರಿನಲ್ಲಿ ಹುರುಳಿತ್ತು, ತಪ್ಪು ಯಂತ್ರದ್ದಾಗಿತ್ತು. ವರ್ಣಚಿತ್ರಗಳ ಕಾಲದಲ್ಲಿಯೂ ಈ ತೊಂದರೆ ಬೇರೆ ರೂಪದಲ್ಲಿ ಮುಂದುವರಿಯಿತು. ಕೊಡಾಕ್ ಕಂಪನಿಯು ಬಣ್ಣಗಳನ್ನು ಸರಿಹೊಂದಿಸಲು ಬಹುಕಾಲ ಒದಗಿಸುತ್ತಿದ್ದ ಮಾದರಿ ಚಿತ್ರಗಳಲ್ಲಿ ಬಿಳಿಯ ಚರ್ಮದ ಹೆಂಗಸೇ ಇರುತ್ತಿದ್ದಳು.

ಈ ಕೊರತೆಯನ್ನು ಸ್ಟುಡಿಯೊದವರು ಸೀಸದ ಕಡ್ಡಿಯಿಂದ ತುಂಬಿಕೊಂಡರು. ನೆಗೆಟಿವಿನ ಮೇಲೆ ಗೆರೆ ಎಳೆದ ಭಾಗವು ಪ್ರತಿಯಲ್ಲಿ ಬೆಳ್ಳಗಾಗುತ್ತದೆ. ಇದಕ್ಕೆ ‘ಟಚ್ಚಿಂಗ್’ ಎಂದು ಹೆಸರು. ಹಳೆಯ ನೆಗೆಟಿವನ್ನು ಓರೆ ಬೆಳಕಿಗೆ ಹಿಡಿದರೆ ಕೆನ್ನೆ, ಹಣೆಗಳ ಮೇಲೆ ಆ ಗೆರೆಗಳು ಹೊಳೆಯುವುದನ್ನು ಇಂದಿಗೂ ಕಾಣಬಹುದು. ಗಿರಾಕಿಯ ಮಾತು ಅಲ್ಲಿ ಲಿಖಿತವಾಗಿ ಉಳಿದಿದೆ ಎಂದರೆ ತಪ್ಪಾಗಲಾರದು.

ಇನ್ನೆರಡು ಕಾರಣಗಳನ್ನೂ ಇಲ್ಲಿ ಹೇಳಬೇಕು. ಪ್ರತಿಯೊಬ್ಬನಿಗೂ ತನ್ನ ಮುಖದ ಪರಿಚಯವಿರುವುದು ಕನ್ನಡಿಯಿಂದ; ಕನ್ನಡಿಯಲ್ಲಿ ಎಡಬಲಗಳು ಅದಲುಬದಲಾಗಿರುತ್ತವೆ, ಛಾಯಾಚಿತ್ರದಲ್ಲಿ ಹಾಗಿಲ್ಲ. ೧೯೭೭ರಲ್ಲಿ ಮೀಟಾ, ಡರ್ಮರ್, ನೈಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗದಲ್ಲಿ, ಜನರು ತಮ್ಮ ಚಿತ್ರದ ಕನ್ನಡಿಯ ರೂಪವನ್ನೂ ಅವರ ಆಪ್ತರು ನಿಜರೂಪವನ್ನೂ ಹೆಚ್ಚಾಗಿ ಮೆಚ್ಚಿದುದು ಕಂಡುಬಂದಿತು. ಎರಡನೆಯದಾಗಿ, ಕೆಮರಾವನ್ನು ತೀರ ಸಮೀಪದಲ್ಲಿರಿಸಿದರೆ ಮೂಗು ದೊಡ್ಡದಾಗಿಯೂ ಕಿವಿಗಳು ಹಿಂದೆ ಸರಿದಂತೆಯೂ ಕಾಣುತ್ತವೆ. ಐದಾರು ಅಡಿಗಳ ದೂರದಿಂದ, ಅದಕ್ಕೆ ತಕ್ಕ ಲೆನ್ಸಿನಲ್ಲಿ ತೆಗೆದರೆ ಈ ದೋಷವು ಕಡಮೆಯಾಗುತ್ತದೆ. ‘ಮೂಗು ಹೀಗೇಕೆ ಬಂತು?’ ಎಂದು ಕೇಳುವವರಿಗೆ ಮುಖವನ್ನು ದೂರುವುದಕ್ಕಿಂತ ಕೆಮರಾವನ್ನು ಹಿಂದಕ್ಕೆ ಸರಿಸುವುದೇ ಯೋಗ್ಯವಾದ ಉತ್ತರ.

೫

ಕಷ್ಟದ ಆಕ್ಷೇಪಣೆಗಳು ಯಂತ್ರದಿಂದ ಹುಟ್ಟುವುದಿಲ್ಲ, ಸಂಬಂಧಗಳಿಂದ ಹುಟ್ಟುತ್ತವೆ. ಗಿರಾಕಿ ಯಾರು ಎಂಬುದೇ ಎಷ್ಟೋ ವೇಳೆ ಸ್ಪಷ್ಟವಿರುವುದಿಲ್ಲ. ೧೯೫೪ರಲ್ಲಿ ಚರ್ಚಿಲ್ಲರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರು ಗ್ರಹಾಂ ಸದರ್ಲೆಂಡ್ ಎಂಬ ಕಲಾವಿದನಿಂದ ಅವರ ಭಾವಚಿತ್ರವನ್ನು ಬರೆಯಿಸಿ ಅರ್ಪಿಸಿದರು. ಹಣ ಕೊಟ್ಟವರು ಸದಸ್ಯರು, ಕುಳಿತವರು ಚರ್ಚಿಲ್ಲರು. ಆ ಚಿತ್ರವು ಅವರಿಗೆ ಕಿಂಚಿತ್ತೂ ಹಿಡಿಸಲಿಲ್ಲ. ಕೊನೆಗೆ ಅವರ ಪತ್ನಿ ಅದನ್ನು ನಾಶಮಾಡಿಸಿದರು.

ಇದೇ ತೊಡಕು ನಮ್ಮ ತಾಲ್ಲೂಕು ಪೇಟೆಗಳಲ್ಲಿ ಮದುವೆಯ ಮಾತುಕತೆಗಾಗಿ ತೆಗೆಯಿಸುವ ಹುಡುಗಿಯ ಚಿತ್ರದಲ್ಲಿದೆ. ಹಣ ಕೊಡುವವನು ತಂದೆ, ಕುಳಿತುಕೊಳ್ಳುವವಳು ಮಗಳು, ನೋಡುವವರು ವರನ ಮನೆಯವರು. ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ’ ಎಂಬ ಬೇಡಿಕೆ ಬರುವುದು ಹೆಚ್ಚಾಗಿ ಹುಡುಗಿಯಿಂದಲ್ಲ. ಯಂತ್ರವು ಕಪ್ಪಾಗಿಸಿದುದನ್ನು ಸರಿಪಡಿಸುವುದು ಒಂದು. ಹುಡುಗಿಯ ನಿಜವಾದ ಬಣ್ಣವನ್ನು ದೋಷವೆಂದು ಬಗೆದು ಅಳಿಸುವುದು ಮತ್ತೊಂದು. ಮೊದಲನೆಯದು ಕಸುಬಿನ ಧರ್ಮ. ಎರಡನೆಯದರಿಂದ ವರನ ಮನೆಯವರಿಗೆ ಮೋಸವೂ ಹುಡುಗಿಗೆ ಅವಮಾನವೂ ಆಗುತ್ತದೆ. ಮುಖಾಮುಖಿಯಾದ ದಿನ ಅದರ ಬೆಲೆಯನ್ನು ತೆರುವವಳು ಅವಳೇ. ಕುಳಿತವಳನ್ನೇ ಕರೆದು ‘ನಿನಗೆ ಯಾವುದು ಒಪ್ಪಿಗೆಯಮ್ಮ?’ ಎಂದು ಕೇಳುವ ಭಾವಚಿತ್ರಗಾರನು ಅರ್ಧ ತಕರಾರನ್ನು ಅಲ್ಲಿಯೇ ತೀರಿಸಿದಂತೆ.

ಕುಟುಂಬದ ಗುಂಪು ಚಿತ್ರದಲ್ಲಿ ತೊಡಕು ಕುರ್ಚಿಗಳದು. ತುಳುನಾಡಿನ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ನಡೆದುಬಂದಿತ್ತು. ಆಸ್ತಿಯೂ ಮನೆತನವೂ ತಾಯಿಯ ಕಡೆಯಿಂದ ಇಳಿದುಬರುತ್ತಿದ್ದವು. ಆದುದರಿಂದ ಗುತ್ತಿನ ಮನೆಯ ಚಾವಡಿಯಲ್ಲಿ ತೂಗುವ ಹಳೆಯ ಚಿತ್ರದ ನಡುವಣ ಕುರ್ಚಿಯಲ್ಲಿರುವವರು ಸುತ್ತ ನಿಂತ ಮಕ್ಕಳ ತಂದೆಯೆಂದು ಊಹಿಸುವಂತಿಲ್ಲ. ಅವರು ಸೋದರಮಾವನಾದ ಯಜಮಾನರಾಗಿರಬಹುದು. ೧೯೪೯ರ ಮದರಾಸು ಅಳಿಯಸಂತಾನ ಶಾಸನವು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನವು ವಾರಸಿಕೆಯ ಕ್ರಮವನ್ನೇ ಬದಲಾಯಿಸಿತು. ಇಂತಹ ಕಾಲದಲ್ಲಿ ಯಾರು ಕುಳಿತುಕೊಳ್ಳಬೇಕು, ಯಾರು ನಿಲ್ಲಬೇಕು ಎಂಬ ಪ್ರಶ್ನೆಯು ಬರಿಯ ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕುರ್ಚಿಗಳ ಕ್ರಮವನ್ನು ಮನೆಯ ಹಿರಿಯರೇ ನಿರ್ಣಯಿಸಲೆಂದು ಬಿಟ್ಟು, ಬೆಳಕನ್ನು ಮಾತ್ರ ತಾನು ನೋಡಿಕೊಳ್ಳುವುದು ಭಾವಚಿತ್ರಗಾರನಿಗೆ ಕ್ಷೇಮ.

೬

ಕಾನೂನು ಏನು ಹೇಳುತ್ತದೆಂಬುದನ್ನೂ ತಿಳಿದಿರಬೇಕು. ೧೯೫೭ರ ಕೃತಿಸ್ವಾಮ್ಯ ಶಾಸನದ ೧೭ನೆಯ ಪ್ರಕರಣದಂತೆ, ಒಬ್ಬರ ಕೋರಿಕೆಯ ಮೇಲೆ ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರದ ಕೃತಿಸ್ವಾಮ್ಯವು, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ತೆಗೆಯಿಸಿದವರಿಗೆ ಸೇರುತ್ತದೆ. ಚೆನ್ನಾಗಿ ಬಂದ ಚಿತ್ರವನ್ನು ಕೇಳದೆಯೆ ಸ್ಟುಡಿಯೊದ ಷೋಕೇಸಿನಲ್ಲಿಡುವುದೂ ಜಾಹೀರಾತಿಗೆ ಬಳಸುವುದೂ ಜಗಳಕ್ಕೆ ಮೂಲವಾಗುವುದು ಇದರಿಂದಲೇ.

ಮೇಲೆ ಹೇಳಿದುದರಿಂದ ಕೆಲವು ನಿಯಮಗಳು ಹೊರಡುತ್ತವೆ. ಚಿತ್ರ ಯಾವ ಉದ್ದೇಶಕ್ಕೆಂಬುದನ್ನು ಮೊದಲೇ ಕೇಳಬೇಕು. ಪರೀಕ್ಷೆಯ ಅರ್ಜಿಗೆ, ಮದುವೆಯ ಮಾತಿಗೆ, ಚಾವಡಿಯ ಗೋಡೆಗೆ ಒಂದೇ ಬಗೆಯ ಚಿತ್ರ ಸಲ್ಲದು. ಅಳತೆ, ಪ್ರತಿಗಳ ಸಂಖ್ಯೆ, ದರ, ಮುಂಗಡ, ಕೊಡುವ ದಿನ ಇವನ್ನು ಚೀಟಿಯಲ್ಲಿ ಬರೆದುಕೊಡಬೇಕು. ಬಾಯಿಮಾತಿನ ಲೆಕ್ಕವು ಇಬ್ಬರ ನೆನಪಿನಲ್ಲಿ ಎರಡಾಗುತ್ತದೆ. ಆಕ್ಷೇಪಣೆ ಬಂದಾಗ ಅದರ ಜಾತಿಯನ್ನು ಗುರುತಿಸಬೇಕು. ಬೆಳಕಿನದೋ ಯಂತ್ರದದೋ ದೋಷವಾದರೆ ಹಣ ಕೇಳದೆ ಮತ್ತೆ ತೆಗೆಯಬೇಕು. ಅಭಿರುಚಿಯ ಭೇದವಾದರೆ, ಎಷ್ಟು ಸಲ ತಿದ್ದಿಕೊಡುವುದೆಂಬುದನ್ನು ಮೊದಲೇ ಹೇಳಿ ಅಷ್ಟಕ್ಕೆ ನಿಲ್ಲಿಸಬೇಕು. ಒಬ್ಬನ ಗುರುತುಪತ್ರಕ್ಕೆ ಮತ್ತೊಬ್ಬನ ಮುಖವನ್ನು ಹೊಂದಿಸುವಂತಹ ಸುಳ್ಳಿನ ಬೇಡಿಕೆಯಾದರೆ ವಿನಯದಿಂದ, ಆದರೆ ನಿಸ್ಸಂದೇಹವಾಗಿ, ನಿರಾಕರಿಸಬೇಕು. ತೀರಿಹೋದವರ ಮುಖವನ್ನು ಹಳೆಯ ಗುಂಪು ಚಿತ್ರದಿಂದ ಬಿಡಿಸಿಕೊಡಿರೆಂದು ಬರುವವರಲ್ಲಿ ಸಿಟ್ಟು ಕಂಡರೆ ಅದು ದುಃಖದ ಸಿಟ್ಟೆಂದು ತಿಳಿದು ತಾಳಿಕೊಳ್ಳಬೇಕು. ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ನಿನಂತಹ ವೃತ್ತಿಸಂಘಗಳು, ಬೆಳ್ತಂಗಡಿಯಂತಹ ಅವುಗಳ ವಲಯಗಳು, ಇಂತಹ ನಿಯಮಗಳನ್ನು ಎಲ್ಲರಿಗೂ ಸಮಾನವಾಗಿಸಿದರೆ ಬಿಡಿ ಸ್ಟುಡಿಯೊದವನ ಭಾರವು ಹಗುರಾಗುತ್ತದೆ.

೭

ಇತಿಹಾಸಕಾರನಿಗೆ ಇದರಿಂದ ದೊರೆಯುವ ಪಾಠ ಇಷ್ಟು: ಭಾವಚಿತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಮೊದಲು ಯಾರು ಹಣ ಕೊಟ್ಟರು, ಯಾರು ಕುಳಿತರು, ಯಾರಿಗೆ ಆಕ್ಷೇಪಿಸುವ ಅವಕಾಶವಿತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಥರ್ಸ್ಟನ್ನನ ಸಂಪುಟದ ಮುಖವೂ ಚಾವಡಿಯ ಗೋಡೆಯ ಮುಖವೂ ಒಂದೇ ಬಗೆಯ ದಾಖಲೆಗಳಲ್ಲ.

ಈ ಪ್ರಶ್ನೆಗಳಿಗೆ ಉತ್ತರವಿರುವುದು ಗೋಡೆಯ ಪ್ರತಿಯಲ್ಲಿ ಮಾತ್ರವಲ್ಲ. ಸೀಸದ ಗೆರೆಗಳಿರುವ ನೆಗೆಟಿವಿನಲ್ಲಿ, ಸ್ಟುಡಿಯೊದ ಆರ್ಡರ್ ಪುಸ್ತಕದಲ್ಲಿ. ಡಿಜಿಟಲ್ ಕೆಮರಾ ಬಂದ ಮೇಲೆ ಇವುಗಳಿಗೆ ಅಂಗಡಿಯಲ್ಲಿ ಉಪಯೋಗವಿಲ್ಲದಂತಾಗಿದೆ. ಕರಾವಳಿಯ ಮಳೆಗಾಲದ ತೇವದಲ್ಲಿ ನೆಗೆಟಿವಿನ ಲೇಪಕ್ಕೆ ಬೂಷ್ಟು ಹಿಡಿಯುತ್ತದೆ. ಒಮ್ಮೆ ಲೇಪವು ತಿಂದುಹೋದರೆ ಮುಖವು ಮರಳಿ ಬಾರದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕೆಮರಾಗಳನ್ನು ಸಂಗ್ರಹಿಸಿಟ್ಟಿದ್ದಾರೆ. ಆ ಬಗೆಯ ಯಂತ್ರಗಳು ಕಂಡ ಮುಖಗಳನ್ನೂ, ಆ ಮುಖಗಳವರು ಹೇಳಿದ ಮಾತುಗಳನ್ನೂ ಉಳಿಸುವ ಕೆಲಸವು ಇನ್ನು ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ಸೇರಿದುದು. ಒಂದೊಂದು ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಪೇಟೆಯ ಒಂದೊಂದು ಹಳೆಯ ಸ್ಟುಡಿಯೊವನ್ನು ಆರಿಸಿಕೊಂಡು, ಮಾಲೀಕರ ಮತ್ತು ಚಿತ್ರ ತೆಗೆಯಿಸಿದ ಮನೆತನಗಳ ಒಪ್ಪಿಗೆ ಪಡೆದು, ನೆಗೆಟಿವುಗಳನ್ನು ಒಣಗಿದ ಕಾಗದದ ಲಕೋಟೆಗಳಲ್ಲಿರಿಸಿ, ಹೆಸರು, ವರ್ಷ, ಸಂದರ್ಭಗಳನ್ನು ಬರೆದಿಟ್ಟರೆ ಸಾಕು. ಹೆಸರಿಲ್ಲದೆ ಜಾತಿಯ ಮಾದರಿಯಾಗಿ ದಾಖಲೆಗೆ ಸೇರಿದ್ದ ಜನರು ಆಗ ತಮ್ಮ ಹೆಸರಿನಿಂದಲೇ ಜಿಲ್ಲೆಯ ಇತಿಹಾಸದಲ್ಲಿ ಸ್ಥಾನ ಪಡೆಯುತ್ತಾರೆ.