ಮಾಳಿಗೆ ನೀಡುವ ಮುನ್ಸೂಚನೆ

ಗದಗ-ಬೆಟಗೇರಿಯ ಹಳೆಯ ಓಣಿಗಳಲ್ಲಿಯೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಹಳ್ಳಿಗಳಲ್ಲಿಯೂ ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಉಳಿದಿವೆ. ಬೇಸಿಗೆಯಲ್ಲಿ ತಂಪೀಯುವ ಈ ಮಾಳಿಗೆ ವರುಷಕ್ಕೊಮ್ಮೆ ಆರೈಕೆಯನ್ನು ಬೇಡುತ್ತದೆ. 2019ರ ಆಗಸ್ಟ್ ತಿಂಗಳ ಮಳೆ-ನೆರೆಯಲ್ಲಿ ಗದಗ ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆಗಳು ಕುಸಿದುದನ್ನು ನಾವು ಮರೆಯಲಾಗದು.

ರೋಹಿಣಿ ಮಳೆಗೆ ಮೊದಲೇ ಮನೆಯ ಒಳಗೆ ನಿಂತು ಮೇಲೆ ನೋಡಬೇಕು. ತೊಲೆ ಬಾಗಿದ್ದರೆ, ಜಂತಿಯನ್ನು ತಟ್ಟಿದಾಗ ಟೊಳ್ಳು ಸಪ್ಪಳ ಬಂದರೆ, ಗೆದ್ದಲು ಕಟ್ಟಿದ್ದರೆ, ತೊಲೆಯ ತುದಿ ಗೋಡೆಯಲ್ಲಿ ಕೂರುವೆಡೆ ತೇವವಿದ್ದರೆ, ಗೋಡೆ ಉಬ್ಬಿದ್ದರೆ ಯಾರೂ ಮೇಲೇರಬಾರದು. ಅನುಭವಸ್ಥ ಗೌಂಡಿಯನ್ನೂ ಬಡಿಗನನ್ನೂ ಕರೆಸಬೇಕು.

ತೊಲೆ-ಜಂತಿಗಳು ಗಟ್ಟಿಯಿದ್ದರೆ ಉಳಿದುದು ಮನೆಯವರ ಕೆಲಸ. ಬಿರುಕು, ಹುಲ್ಲಿನ ಬೇರು, ಇಲಿಯ ಬಿಲ, ಕಸ ಕಟ್ಟಿದ ನೀರಿನ ದೋಣಿ ಇವನ್ನು ಸರಿಪಡಿಸಬೇಕು. ಸವಳು ಮಣ್ಣು ನೆನೆದೊಡನೆ ಸೂಕ್ಷ್ಮ ಕಣಗಳಾಗಿ ಹರಡಿ ರಂಧ್ರಗಳನ್ನು ಮುಚ್ಚುತ್ತದೆ. ಹಿರಿಯರು ಅದನ್ನೇ ಹರವುತ್ತಿದ್ದುದು ಇದಕ್ಕಾಗಿ. ಆದರೆ ಹಳೆಯ ಮಣ್ಣನ್ನು ಕೆರೆದು ತೆಗೆಯದೆ ಹೊಸದನ್ನು ಹೇರಬಾರದು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದು ಇಂಚು ಮಣ್ಣೆಂದರೆ ಸುಮಾರು 4 ಕ್ವಿಂಟಲ್ ಭಾರ. ನೆನೆದರೆ ಇನ್ನೂ ಹೆಚ್ಚು. ಹೀಗೆ ವರುಷವರುಷವೂ ಹೇರಿದರೆ ಸೋರಿಕೆ ನಿಂತೀತು, ತೊಲೆ ಸೋತೀತು.

ಮಳೆ ಹಿಡಿದಾಗ ಮಣ್ಣು ಉದುರತೊಡಗಿದರೆ, ಮರ ಲಟಲಟನೆ ಸದ್ದು ಮಾಡಿದರೆ ಸಾಮಾನಿನ ಆಸೆ ಬಿಟ್ಟು ಮಕ್ಕಳು-ಮುದುಕರೊಡನೆ ಕೂಡಲೇ ಹೊರಬರಬೇಕು. ಗೌಂಡಿಯ ಕೂಲಿಯನ್ನು ಮತ್ತೆ ದುಡಿಯಬಹುದು, ಮನೆಮಂದಿಯ ಜೀವವನ್ನಲ್ಲ.