ಹಳೆಯ ಸಾಮಾನುಗಳಿಂದ ದನದ ಹಟ್ಟಿಗೆ ಬಾಗಿಲು

ಮುಳ್ಳುಕಂಪೆಯನ್ನೆಳೆದು ಹಟ್ಟಿಯ ಬಾಯನ್ನು ಮುಚ್ಚುವುದು ನಮ್ಮ ಗ್ರಾಮಗಳಲ್ಲಿ ಬಹುಕಾಲದಿಂದ ಬಂದ ರೂಢಿ. ಕಂಪೆಗೆ ಖರ್ಚಿಲ್ಲವೆಂಬುದು ನಿಜ. ಆದರೆ ರಾತ್ರಿ ಅದು ಸರಿದು ನಾಲ್ಕು ದನಗಳು ನೆರೆಯವನ ರಾಗಿಯ ಹೊಲವನ್ನು ಹೊಕ್ಕರೆ, ಆ ಒಂದು ರಾತ್ರಿಯ ನಷ್ಟವು ಒಳ್ಳೆಯ ಬಾಗಿಲೊಂದರ ಬೆಲೆಯನ್ನು ಮೀರುವುದು. ಪೈರು ಹೋಗುವುದಲ್ಲದೆ ಎರಡು ಮನೆಗಳ ನಡುವೆ ವೈಮನಸ್ಯವೂ ಉಳಿಯುವುದು. ಇಂಥ ಜಗಳಗಳು ಎಷ್ಟೆಂಬುದನ್ನು ಗ್ರಾಮದ ಮುಖಂಡರೇ ಬಲ್ಲರು.

ಬಾಗಿಲಿಗೆ ಹೊಸ ಮರವನ್ನು ಕೊಳ್ಳಬೇಕಾದುದಿಲ್ಲ. ಕೆಡವಿದ ಮನೆಯ ತೊಲೆ ಜಂತೆಗಳು, ಮುರಿದ ಗಾಡಿಯ ಮೂಕಿ, ಚಕ್ರದ ಕಬ್ಬಿಣದ ಪಟ್ಟೆ, ಸವೆದ ಬೀಸುವ ಕಲ್ಲು ಮೊದಲಾದವು ಹಿತ್ತಲಿನಲ್ಲಿ ಬಿದ್ದಿರುವುದುಂಟು. ಮರವನ್ನು ಚಾಕುವಿನಿಂದ ಚುಚ್ಚಿ ಪರೀಕ್ಷಿಸತಕ್ಕದ್ದು. ಹೊರಗಿನ ಬಿಳಿಮರವನ್ನು ಗೆದ್ದಲು ತಿಂದಿದ್ದರೂ ಒಳಗಿನ ಚೇಗು ಗಟ್ಟಿಯಾಗಿದ್ದರೆ ಕೆತ್ತಿ ಉಪಯೋಗಿಸಬಹುದು.

ಹಳೆಯ ಮೊಳೆಗಳನ್ನೆಲ್ಲ ಕಿತ್ತು ಡಬ್ಬಿಯಲ್ಲಿ ಹಾಕಿಡಬೇಕು. ಇದು ಅತಿಯಾದ ಜಾಗ್ರತೆಯೆಂದು ಕೆಲವರು ನಗಬಹುದು. ಆದರೆ ದನವು ಮೇವನ್ನು ಸರಿಯಾಗಿ ಅಗಿಯದೆ ನುಂಗುವ ಪ್ರಾಣಿ. ಹುಲ್ಲಿನೊಡನೆ ಹೋದ ಮೊಳೆಯು ಹೊಟ್ಟೆಯ ಎರಡನೆಯ ಚೀಲದಲ್ಲಿ ನಿಲ್ಲುವುದು. ಆ ಚೀಲಕ್ಕೂ ಹೃದಯಕ್ಕೂ ಅಂತರ ಬಹಳ ಸ್ವಲ್ಪ; ಮೊಳೆ ಅತ್ತ ಚುಚ್ಚಿಕೊಂಡು ಹೋದರೆ ಎತ್ತು ಬದುಕುವುದು ಅಪರೂಪ. ಹಳೆಯ ಬಣ್ಣ ಬಳಿದಿರುವ ಹಲಗೆಗಳನ್ನೂ ಬಿಡತಕ್ಕದ್ದು. ಅಂಥ ಬಣ್ಣದಲ್ಲಿ ಸೀಸವಿರಬಹುದು, ಕರುಗಳು ಅದನ್ನು ನೆಕ್ಕುವುವು.

ತುಂಬಿದ ಗಾಡಿ ಹಾಯಬೇಕಾದರೆ ೧೦ ಅಡಿ ಅಗಲ ಬೇಕು. ದನಗಳಿಗೆ ಮಾತ್ರವಾದರೆ ೫ ಅಡಿ ಸಾಕು. ಎತ್ತರ ನಾಲ್ಕೂವರೆ ಅಡಿ. ಅಡ್ಡಪಟ್ಟಿಗಳ ನಡುವೆ ಕೆಳಗಡೆ ೪ ಅಂಗುಲಕ್ಕಿಂತ ಹೆಚ್ಚು ಸಂದು ಬಿಟ್ಟರೆ ಕುರಿಮರಿಗಳು ನುಸುಳುವುವು. ಹಳ್ಳಿಕಾರ್ ತಳಿಯ ಕೊಂಬು ಉದ್ದವೂ ಮೊನಚೂ ಆಗಿರುವುದರಿಂದ ಮೇಲಿನ ಸಂದುಗಳಲ್ಲಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಮುಳ್ಳುತಂತಿಯನ್ನು ಬಾಗಿಲಿಗೆ ಸುತ್ತುವುದು ಸಲ್ಲದು.

ಬಾಗಿಲನ್ನು ಹೊರುವ ಕಂಬವು ೩ ಅಡಿಯಾದರೂ ಭೂಮಿಯೊಳಗಿರಬೇಕು. ಕಲ್ಲುಕಂಬ ದೊರೆತರೆ ಅದಕ್ಕಿಂತ ಉತ್ತಮವಾದುದಿಲ್ಲ. ಕೀಲುಗಳಿಗೆ ಹಣವಿಲ್ಲದವರು ನಮ್ಮ ಹಿರಿಯರ ತಿರುಗುಣಿಯನ್ನೇ ಅನುಸರಿಸಬಹುದು. ಬಾಗಿಲಿನ ನಿಲುವು ಮರದ ಕೆಳತುದಿಯನ್ನು ಗೂಟದಂತೆ ಕೆತ್ತಿ, ನೆಲಕ್ಕಿಂತ ಸ್ವಲ್ಪ ಮೇಲಿರುವಂತೆ ಹೂತ ಬೀಸುವ ಕಲ್ಲಿನ ಕುಳಿಯಲ್ಲಿ ಕೂರಿಸುವುದು. ಮೇಲ್ತುದಿಯನ್ನು ಚಕ್ರದ ಪಟ್ಟೆಯಿಂದ ಬಾಗಿಸಿದ ಬಳೆಯೊಳಗೆ ಸೇರಿಸಿ, ಆ ಬಳೆಯನ್ನು ಕಂಬಕ್ಕೆ ಬಿಗಿಯುವುದು. ಭಾರವೆಲ್ಲ ಕಲ್ಲಿನ ಮೇಲೆ ಬೀಳುವುದರಿಂದ ಕಂಬ ವಾಲುವುದು ಕಡಮೆ.

ಇಷ್ಟು ಮಾಡಿಯೂ ಒಂದು ಮಳೆಗಾಲ ಕಳೆಯುವುದರೊಳಗೆ ಬಾಗಿಲು ಜೋತುಬಿದ್ದು ನೆಲವನ್ನು ಉಳುವುದನ್ನು ನೋಡುತ್ತೇವೆ. ಇದಕ್ಕೆ ಕಾರಣ ಮೂಲೆಯಿಂದ ಮೂಲೆಗೆ ಹೊಡೆಯುವ ಓರೆಪಟ್ಟಿ. ಕೆಲವರು ಅದನ್ನು ಹಾಕುವುದೇ ಇಲ್ಲ. ಹಾಕುವವರಲ್ಲಿಯೂ ಅನೇಕರು ತಿರುಗುಮುರುಗಾಗಿ ಹಾಕುವರು. ಮರದ ಓರೆಪಟ್ಟಿಯು ತಿರುಗುಣಿಯ ಕಡೆಯ ಕೆಳಮೂಲೆಯಿಂದ ಹೊರಟು, ತೆರೆಯುವ ಕಡೆಯ ಮೇಲ್ಮೂಲೆಯನ್ನು ಮುಟ್ಟಬೇಕು. ಆಗ ಅದು ಊರುಗೋಲಿನಂತೆ ಭಾರವನ್ನು ಕಲ್ಲಿಗೆ ಇಳಿಸುವುದು. ಮರಕ್ಕೆ ಬದಲು ತಂತಿಯನ್ನೋ ಪಟ್ಟೆಯನ್ನೋ ಉಪಯೋಗಿಸುವುದಾದರೆ ದಿಕ್ಕು ಬೇರೆ: ತಿರುಗುಣಿಯ ಕಡೆಯ ಮೇಲ್ಮೂಲೆಯಿಂದ ಎದುರಿನ ಕೆಳಮೂಲೆಗೆ ಎಳೆದು ಬಿಗಿಯತಕ್ಕದ್ದು. ತಂತಿ ಎಳೆಯಬಲ್ಲುದೇ ಹೊರತು ನೂಕಲಾರದು.

ಅಗುಳಿಯನ್ನು ಹೊರಮಗ್ಗುಲಿಗೆ ಇಟ್ಟು, ಅದಕ್ಕೊಂದು ಬೆಣೆಯನ್ನು ಸಿಕ್ಕಿಸುವುದು ಒಳ್ಳೆಯದು; ಹಳೆಯ ಹಸುಗಳು ಬರಿಯ ಅಗುಳಿಯನ್ನು ಮೂತಿಯಿಂದ ಸರಿಸುವುದನ್ನು ಬೇಗನೆ ಕಲಿಯುವುವು.