ಹೊಳೆಯಲ್ಲಿ ಯಾರು ಯಾರನ್ನು ತಿನ್ನುತ್ತಾರೆ?

ಅಮೆರಿಕದ ಒಕ್ಲಹೋಮ ರಾಜ್ಯದ ದಕ್ಷಿಣಕ್ಕೆ ಬ್ರಯರ್ ಕ್ರೀಕ್ ಎಂಬ ಸಣ್ಣ ಹೊಳೆಯಿದೆ. ನೀರು ಇಳಿದ ಕಾಲದಲ್ಲಿ ಅದು ಸಾಲು ಮಡುಗಳ ಹೊಳೆ. 1980ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಪರಿಸರ ವಿಜ್ಞಾನಿಗಳಾದ ಮೇರಿ ಪವರ್ ಮತ್ತು ವಿಲಿಯಂ ಮ್ಯಾಥ್ಯೂಸ್ ಒಂದು ವಿಚಿತ್ರವನ್ನು ಗಮನಿಸಿದರು. ಒಂದು ಮಡುವಿನ ತಳದ ತುಂಬ ಪಾಚಿ, ಹಸಿರೋ ಹಸಿರು. ಕೆಲವೇ ಹೆಜ್ಜೆ ಆಚೆಗಿನ ಇನ್ನೊಂದು ಮಡು ಉಜ್ಜಿ ತೊಳೆದಂತೆ ಬೋಳು. ಹರಿಯುವ ನೀರು ಒಂದೇ, ಕಲ್ಲೂ ಒಂದೇ ಬಗೆಯದು. ಹಾಗಿದ್ದ ಮೇಲೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಬೋಳು ಮಡುಗಳಲ್ಲಿ ಸ್ಟೋನ್‌ರೋಲರ್ ಎಂಬ ಪುಟ್ಟ ಮೀನುಗಳ ಹಿಂಡು ಇರುತ್ತಿತ್ತು. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಗಾರ್ರಾ ಕುಲದ ಮೀನುಗಳು ಬಂಡೆಗೆ ಬಾಯಿಟ್ಟು ಪಾಚಿ ಕೆರೆಯುತ್ತವಲ್ಲ, ಇವುಗಳದ್ದೂ ಅದೇ ಕಸುಬು. ಹಸಿರು ಮಡುಗಳಲ್ಲಿ ಇದ್ದದ್ದು ಬ್ಯಾಸ್ ಎಂಬ ದೊಡ್ಡ ಬೇಟೆ ಮೀನು. ಬ್ಯಾಸ್ ಇದ್ದಲ್ಲಿ ಸ್ಟೋನ್‌ರೋಲರ್ ಇಲ್ಲ, ಸ್ಟೋನ್‌ರೋಲರ್ ಇಲ್ಲದ್ದರಿಂದ ಪಾಚಿ ಇದೆ. ಕೇಳಲು ಸರಳ. ಆದರೆ ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ವಿಜ್ಞಾನ ಒಪ್ಪುವುದಿಲ್ಲ. ಅವರು ಒಂದು ಹಸಿರು ಮಡುವಿನಿಂದ ಬ್ಯಾಸ್ ಮೀನುಗಳನ್ನು ತೆಗೆದು, ಮಡುವನ್ನು ಉದ್ದಕ್ಕೆ ಬೇಲಿ ಹಾಕಿ ಇಬ್ಭಾಗ ಮಾಡಿ, ಒಂದು ಬದಿಗೆ ಮಾತ್ರ ಸ್ಟೋನ್‌ರೋಲರ್‌ಗಳನ್ನು ಬಿಟ್ಟರು. ಕೆಲವು ವಾರಗಳಲ್ಲಿ ಆ ಬದಿಯ ಪಾಚಿ ಸವೆಯಿತು, ಇನ್ನೊಂದು ಬದಿಯಲ್ಲಿ ಉಳಿಯಿತು. ಬೋಳು ಮಡುವೊಂದಕ್ಕೆ ಬ್ಯಾಸ್ ತಂದು ಬಿಟ್ಟಾಗ ಸ್ಟೋನ್‌ರೋಲರ್‌ಗಳು ಆಳ ಬಿಟ್ಟು ಅಂಚಿನ ತೆಳುನೀರಿಗೆ ಸರಿದವು, ನಡುವಿನಲ್ಲಿ ಪಾಚಿ ಮತ್ತೆ ಚಿಗುರಿತು. ಪಾಚಿಗೆ ಬಾಯಿ ಹಾಕದ ಮೀನೇ ಪಾಚಿಯನ್ನು ಕಾಯುತ್ತಿತ್ತು. ಅರ್ಧದಷ್ಟು ಕೆಲಸವನ್ನು ಅದರ ಹಲ್ಲಲ್ಲ, ಅದರ ಭಯವೇ ಮಾಡುತ್ತಿತ್ತು. 1985ರಲ್ಲಿ ಪ್ರಕಟವಾದ ಈ ಪ್ರಯೋಗ ನದಿ ಪರಿಸರ ವಿಜ್ಞಾನದ ತರಗತಿಗಳಲ್ಲಿ ಇಂದಿಗೂ ಪಾಠ.

ನದಿಯ ಆಹಾರಜಾಲ ಎಂದರೆ ಇಂಥ ಸಂಬಂಧಗಳ ಹೆಣಿಗೆ. ಯಾರು ಯಾರನ್ನು ತಿನ್ನುತ್ತಾರೆ ಎಂಬ ಪಟ್ಟಿಯನ್ನು ಮೀನಿನ ಹೊಟ್ಟೆ ಸೀಳಿ ನೋಡಿ ತಯಾರಿಸಬಹುದು. ಆದರೆ ಆ ಪಟ್ಟಿಯಲ್ಲಿರುವ ಯಾವ ಗೆರೆ ನದಿಯ ರೂಪವನ್ನೇ ಬದಲಿಸಬಲ್ಲದು, ಯಾವುದು ಇದ್ದರೂ ಇಲ್ಲದಿದ್ದರೂ ಒಂದೇ ಎಂದು ತಿಳಿಯುವುದು ಬೇರೆಯೇ ಕೆಲಸ. ಮೇರಿ ಪವರ್ ತಮ್ಮ ವೃತ್ತಿಜೀವನವನ್ನು ಕೊಟ್ಟದ್ದು ಈ ಎರಡನೆಯ ಕೆಲಸಕ್ಕೆ.

ಅದರ ತಾಲೀಮು ನಡೆದದ್ದು ಪನಾಮದ ಕಾಡಿನಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ 1981ರಲ್ಲಿ ಡಾಕ್ಟರೇಟ್ ಪಡೆಯಲು ಅವರು ಅಭ್ಯಾಸ ಮಾಡಿದ್ದು ರಿಯೊ ಫ್ರಿಹೋಲೆಸ್ ಎಂಬ ಹೊಳೆಯ, ಮೈತುಂಬ ಗಟ್ಟಿ ಚಿಪ್ಪಿನ ಕವಚವಿರುವ ಕ್ಯಾಟ್‌ಫಿಶ್‌ಗಳನ್ನು. ಮರಗಳ ನೆರಳಿರುವ ಮಡುವಿನಲ್ಲಿ ಪಾಚಿ ನಿಧಾನವಾಗಿ ಬೆಳೆಯುತ್ತದೆ, ಬಿಸಿಲು ಬೀಳುವ ಮಡುವಿನಲ್ಲಿ ಬೇಗ. ಮೀನುಗಳ ಸಂಖ್ಯೆಯೂ ಅದಕ್ಕೆ ಸರಿಯಾಗಿ ಹಂಚಿಹೋಗಿತ್ತು. ಬಿಸಿಲಿನ ಮಡುವಿನಲ್ಲಿ ಊಟ ಹೆಚ್ಚು, ಉಣ್ಣುವವರೂ ಹೆಚ್ಚು. ಹೀಗಾಗಿ ಯಾವ ಮಡುವಿನಲ್ಲಿದ್ದರೂ ಒಂದೊಂದು ಮೀನಿಗೆ ಸಿಗುವ ಪಾಲು ಹೆಚ್ಚುಕಡಿಮೆ ಸಮ. ಆದರೆ ದಡದಂಚಿನ ತೆಳುನೀರಿನಲ್ಲಿ ಪಾಚಿ ದಟ್ಟವಾಗಿ ಬೆಳೆದಿದ್ದರೂ ದೊಡ್ಡ ಮೀನುಗಳು ಅತ್ತ ಹೋಗುತ್ತಿರಲಿಲ್ಲ. ಕೊಕ್ಕರೆ, ಮಿಂಚುಳ್ಳಿಗಳು ಅಲ್ಲಿ ಕಾದಿರುತ್ತವೆ. ಹಸಿವು ಒಂದು ಕಡೆ ಎಳೆದರೆ ಜೀವಭಯ ಇನ್ನೊಂದು ಕಡೆ ತಳ್ಳುತ್ತದೆ. ಈ ಎಳೆದಾಟದ ಗುರುತು ದಡದುದ್ದಕ್ಕೂ ಹಸಿರು ಪಟ್ಟಿಯಾಗಿ ಕಾಣುತ್ತದೆ.

1980ರ ದಶಕದ ಕೊನೆಯಲ್ಲಿ ಅವರು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿಂದ ಉತ್ತರಕ್ಕೆ, ಮೆಂಡೊಸಿನೊ ಕೌಂಟಿಯಲ್ಲಿ ಹರಿಯುವ ಈಲ್ ನದಿಯ ದಕ್ಷಿಣ ಕವಲು ಮುಂದಿನ ದಶಕಗಳಿಗೆ ಅವರ ಪ್ರಯೋಗಶಾಲೆ. ಅಲ್ಲಿ ಮಳೆಗಾಲ ನಮ್ಮದಕ್ಕೆ ತಿರುವುಮುರುವು. ಚಳಿಗಾಲದಲ್ಲಿ ಮಳೆ, ಪ್ರವಾಹ. ಬೇಸಿಗೆಯಿಡೀ ಒಣಹವೆ, ಹರಿವು ತಿಳಿಯಾಗಿ ತೆಳ್ಳಗಾಗುತ್ತದೆ. ಆಗ ಕ್ಲಾಡೊಫೋರಾ ಎಂಬ ಪಾಚಿ ಬಂಡೆಗಳಿಗೆ ಬೇರೂರಿ ಉದ್ದನೆಯ ಜಡೆಗಳಾಗಿ ತೇಲುತ್ತದೆ. ಸಮುದ್ರಕ್ಕೆ ಹೋಗಿ ಮರಳುವ ಸ್ಟೀಲ್‌ಹೆಡ್ ಮೀನಿನ ಮರಿಗಳು ಇದೇ ನೀರಿನಲ್ಲಿ ಬೆಳೆಯುತ್ತವೆ. ಬ್ರಿಟಿಷರು ನೀಲಗಿರಿಯ ತೊರೆಗಳಿಗೆ ತಂದುಬಿಟ್ಟ ರೇನ್‌ಬೋ ಟ್ರೌಟ್ ಕೂಡ ಇದೇ ಪ್ರಭೇದದ್ದು.

ಪವರ್ ನದಿಯೊಳಗೆ 12 ಬಲೆಪಂಜರಗಳನ್ನು ನಿಲ್ಲಿಸಿದರು. ಬಲೆಯ ಕಣ್ಣು 3 ಮಿಲಿಮೀಟರ್. ಹುಳಹುಪ್ಪಟೆ ಒಳಹೊರಗೆ ಓಡಾಡಬಹುದು, ದೊಡ್ಡ ಮೀನು ಆಗದು. ಅರ್ಧ ಪಂಜರಗಳಲ್ಲಿ ಸ್ಟೀಲ್‌ಹೆಡ್ ಮರಿಗಳು ಮತ್ತು ರೋಚ್ ಎಂಬ ಮೀನುಗಳು, ಉಳಿದ ಅರ್ಧದಲ್ಲಿ ದೊಡ್ಡ ಮೀನುಗಳಿಲ್ಲ. ಒಕ್ಲಹೋಮದ ಅನುಭವದಿಂದ ಹೇಳುವುದಾದರೆ ಬೇಟೆ ಮೀನು ಇದ್ದಲ್ಲಿ ಪಾಚಿ ಉಳಿಯಬೇಕು. ಆದದ್ದು ಅದಕ್ಕೆ ವಿರುದ್ಧ. ಮೀನು ಇದ್ದ ಪಂಜರಗಳಲ್ಲಿ ಪಾಚಿ ಕುಸಿದು ತಳಕ್ಕಂಟಿದ ಜಾಲರಿಯಾಯಿತು. ಮೀನಿಲ್ಲದ ಕಡೆ ಎದ್ದು ನಿಂತಿತು.

ಗುಟ್ಟು ಇದ್ದದ್ದು ಸೊಳ್ಳೆಯಂತೆ ಕಾಣುವ, ಆದರೆ ಕಚ್ಚದ ಒಂದು ಕೀಟದ ಮರಿಹುಳುಗಳಲ್ಲಿ. ಅವು ಪಾಚಿಯ ಎಳೆಗಳನ್ನೇ ನೇಯ್ದು ಗೂಡು ಮಾಡಿಕೊಂಡು, ಒಳಗೆ ಕೂತು ಪಾಚಿ ತಿನ್ನುತ್ತವೆ. ಗೂಡಿನೊಳಗಿರುವ ಹುಳ ದೊಡ್ಡ ಮೀನಿನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅದನ್ನು ಹುಡುಕಿ ತಿನ್ನುವವು ಏರೋಪ್ಲೇನ್ ಚಿಟ್ಟೆಯ ನೆಂಟನಾದ ಡ್ಯಾಮ್ಸೆಲ್‌ಫ್ಲೈ ಮರಿಗಳು, ಎಳೆಯ ಮೀನುಗಳಂಥ ಸಣ್ಣ ಬೇಟೆಗಾರರು. ಸ್ಟೀಲ್‌ಹೆಡ್, ರೋಚ್‌ಗಳು ಈ ಸಣ್ಣ ಬೇಟೆಗಾರರನ್ನು ನುಂಗಿದವು, ನೇಯುವ ಹುಳುಗಳಿಗೆ ಸುಗ್ಗಿಯಾಯಿತು, ಪಾಚಿ ನೆಲಕಚ್ಚಿತು. ಬ್ರಯರ್ ಕ್ರೀಕಿನ ಸರಪಳಿಗೆ ಮೂರು ಕೊಂಡಿ, ಇಲ್ಲಿ ನಾಲ್ಕು. ಒಂದು ಕೊಂಡಿ ಹೆಚ್ಚಾದದ್ದೇ ತಡ, ತುದಿಯ ಮೀನಿನಿಂದ ಬುಡದ ಪಾಚಿಗೆ ಆಗುವ ಪರಿಣಾಮ ತಲೆಕೆಳಗಾಯಿತು. 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಸಿದ್ಧಾಂತಿಗಳು ಕಾಗದದ ಮೇಲೆ ಬಹಳ ಹಿಂದೆಯೇ ಬರೆದಿಟ್ಟಿದ್ದ ಊಹೆಯೊಂದು ಹರಿಯುವ ನೀರಿನಲ್ಲಿ ಕಣ್ಣಿಗೆ ಕಾಣುವಂತಾಯಿತು.

ಬೇರೆ ಯಾರಾದರೂ ಇಲ್ಲಿಗೆ ನಿಲ್ಲಿಸಿ ಹೊಸ ನದಿ ಹುಡುಕಿಕೊಂಡು ಹೋಗುತ್ತಿದ್ದರೇನೋ. ಪವರ್ ಅದೇ ನದಿಯಲ್ಲಿ ಉಳಿದರು. ಅವರ ದೊಡ್ಡ ಕೊಡುಗೆ ಬಂದದ್ದು ಹಾಗೆ ಉಳಿದದ್ದರಿಂದ. ಬರದ ಚಳಿಗಾಲಗಳು ಬಂದವು, ನದಿ ಉಕ್ಕಲಿಲ್ಲ. ಮರುಬೇಸಿಗೆಯಲ್ಲಿ ಪಾಚಿಯ ಜಡೆಗಳೇ ಇಲ್ಲ. ಮೀನುಗಳನ್ನು ಪಂಜರದಲ್ಲಿ ಇಟ್ಟರೂ ತೆಗೆದರೂ ವ್ಯತ್ಯಾಸ ಕಾಣದು. ಏಕೆಂದರೆ ಆ ವರ್ಷಗಳಲ್ಲಿ ನದಿತಳ ಡೈಕಾಸ್ಮೀಕಸ್ ಎಂಬ ಕ್ಯಾಡಿಸ್ ಹುಳುಗಳ ರಾಜ್ಯ. ಸಣ್ಣ ಹರಳುಗಳನ್ನು ಅಂಟಿಸಿ ಮೈಗೆ ಕವಚ ಕಟ್ಟಿಕೊಳ್ಳುವ ಈ ಹುಳ ದೊಡ್ಡದಾದ ಮೇಲೆ ಮೀನಿನ ಬಾಯಿಗೆ ದಕ್ಕುವುದಿಲ್ಲ. ಅದು ಪಾಚಿಯನ್ನೆಲ್ಲ ಮೇಯುತ್ತದೆ, ಅದನ್ನು ಮೇಯುವವರಿಲ್ಲ. ನದಿಯ ಬೆಳೆ ಮೀನಿಗೆ ತಲುಪದೆ ಅಲ್ಲಿಗೇ ನಿಲ್ಲುತ್ತದೆ. ಪ್ರವಾಹ ಬಂದು ತಳದ ಕಲ್ಲುಗಳೇ ಉರುಳಿದರೆ ಮಾತ್ರ ಈ ಕವಚಧಾರಿಗಳು ಜಜ್ಜಿಹೋಗುತ್ತವೆ. ಆಮೇಲೆ ಪಾಚಿ ಮೊದಲು ಚಿಗುರುತ್ತದೆ, ಕವಚವಿಲ್ಲದ ಮೆತ್ತನೆಯ ಹುಳುಗಳು ಬರುತ್ತವೆ, ಮೀನಿಗೆ ಊಟ ಸಿಗುತ್ತದೆ.

1996ರಲ್ಲಿ ಪವರ್ ಅವರು ತಿಮೊತಿ ವೂಟನ್, ಮೈಕೆಲ್ ಪಾರ್ಕರ್ ಅವರೊಂದಿಗೆ ಬರೆದ ಲೇಖನದಲ್ಲಿ ಈ ಮಾತನ್ನು ಅಣೆಕಟ್ಟುಗಳವರೆಗೆ ಒಯ್ಯಲಾಯಿತು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹರಿವನ್ನು ಹಿಡಿದಿಟ್ಟ ನದಿಗಳಲ್ಲಿ ಕವಚದ ಹುಳುಗಳ ಮೇಲುಗೈ, ಮುಕ್ತವಾಗಿ ಉಕ್ಕುವ ನದಿಗಳಲ್ಲಿ ಹಾಗಿಲ್ಲ. 2008ರಲ್ಲಿ ಪಾರ್ಕರ್ ಮತ್ತು ಭೂರೂಪ ವಿಜ್ಞಾನಿ ವಿಲಿಯಂ ಡೀಟ್ರಿಕ್ ಅವರೊಂದಿಗೆ ಪ್ರಕಟಿಸಿದ ಅಧ್ಯಯನ 18 ವರ್ಷಗಳ ದಾಖಲೆಯನ್ನು ಆಧರಿಸಿತ್ತು. ಮೂರು ವರ್ಷದ ಅನುದಾನ, ಮೂರು ವರ್ಷದ ಪಿಎಚ್‌.ಡಿ. ಲೆಕ್ಕದಲ್ಲಿ ಯೋಚಿಸುವ ನಮ್ಮ ಕಾಲದಲ್ಲಿ ಈ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಪ್ರವಾಹದ ವರ್ಷವೊಂದರಲ್ಲೇ ನೋಡಿ ಹೋದವರು ಒಂದು ಸತ್ಯ ಬರೆಯುತ್ತಿದ್ದರು, ಬರದ ವರ್ಷದಲ್ಲೇ ನೋಡಿದವರು ಅದಕ್ಕೆ ವಿರುದ್ಧವಾದದ್ದನ್ನು. ಇಬ್ಬರೂ ಪ್ರಾಮಾಣಿಕರೇ.

ಇದೇ ನದಿಯಿಂದ ಇನ್ನೂ ಹಲವು ಎಳೆಗಳು ಹೊರಟಿವೆ. ನೀರಿನಿಂದ ರೆಕ್ಕೆ ಬಲಿತು ಮೇಲೇಳುವ ಕೀಟಗಳು ದಡದ ಜೀವಗಳಿಗೆ ಊಟ. ಜಾನ್ ಸಾಬೊ ಪವರ್ ಅವರೊಂದಿಗೆ ಸೇರಿ ದಡದಲ್ಲಿ ತಡೆ ಕಟ್ಟಿ, ಆ ಕೀಟಗಳು ಬರದಂತೆ ಮಾಡಿದಾಗ ಅಲ್ಲಿನ ಹಲ್ಲಿಗಳ ಬೆಳವಣಿಗೆ ಕುಂಠಿತವಾಯಿತು. ಬೇಸಿಗೆ ಸಾಗಿದಂತೆ ಕ್ಲಾಡೊಫೋರಾ ಹಸಿರಿನಿಂದ ಹಳದಿಗೆ, ಆಮೇಲೆ ತುಕ್ಕಿನ ಬಣ್ಣಕ್ಕೆ ತಿರುಗುವುದು ಎಪಿತೀಮಿಯಾ ಎಂಬ ಡಯಾಟಮ್‌ಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು, ಅದರ ಮೈ ತುಂಬುವುದರಿಂದ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಜೀವಿಗಳು ಈ ಡಯಾಟಮ್‌ಗಳೊಳಗೆ ಮನೆಮಾಡಿಕೊಂಡಿವೆ. ಕೀಟಗಳಿಗೆ ಇದು ಪುಷ್ಟಿಯ ಆಹಾರ. ಆದರೆ ಬೇಸಿಗೆಯಲ್ಲಿ ನೀರನ್ನು ಅತಿಯಾಗಿ ಎತ್ತಿ ಹರಿವು ನಿಂತು ಬೆಚ್ಚಗಾದರೆ ಅದೇ ಜಾಗವನ್ನು ವಿಷಕಾರಿ ಸಯನೋಬ್ಯಾಕ್ಟೀರಿಯಾ ಆಕ್ರಮಿಸುತ್ತದೆ. ಅದರ ವಿಷದಿಂದ ಈಲ್ ನದಿಗಿಳಿದ ಸಾಕುನಾಯಿಗಳು ಸತ್ತದ್ದುಂಟು. ನದಿಗೆ ಚಳಿಗಾಲದಲ್ಲಿ ಎಷ್ಟು ಉಕ್ಕು ಬೇಕು, ಬೇಸಿಗೆಯಲ್ಲಿ ಕನಿಷ್ಠ ಎಷ್ಟು ಹರಿವು ಬೇಕು ಎಂಬ ಪ್ರಶ್ನೆಯನ್ನು ಪವರ್ ಮತ್ತು ಸಂಗಡಿಗರು 2015ರಲ್ಲಿ ನೇರವಾಗಿ ಎತ್ತಿಕೊಂಡರು.

ಇದೆಲ್ಲ ಸಾಧ್ಯವಾದದ್ದು ಒಂದು ಜಾಗ ಉಳಿದಿದ್ದರಿಂದ. ಹೀತ್ ಮತ್ತು ಮಾರ್ಜರಿ ಏಂಜೆಲೊ ದಂಪತಿ ಈಲ್ ದಡದ ತಮ್ಮ ಕಾಡುಭೂಮಿ ಕೊಡಲಿಗೆ ಬೀಳದಂತೆ ಕಾಪಾಡಿ 1959ರಲ್ಲಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆಯ ಕೈಗೆ ಒಪ್ಪಿಸುವ ಏರ್ಪಾಡು ಮಾಡಿದರು. ಅದೀಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಏಂಜೆಲೊ ಕೋಸ್ಟ್ ರೇಂಜ್ ರಿಸರ್ವ್. ಸುಮಾರು 3,000 ಹೆಕ್ಟೇರು ಹರವಿನ ಈ ತಾಣವನ್ನು ಪವರ್ ದೀರ್ಘಕಾಲ ನಿರ್ದೇಶಕರಾಗಿ ನೋಡಿಕೊಂಡರು. ಅವರು 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಪ್ರಶಸ್ತಿ ಪುರಸ್ಕಾರಗಳಿಗಿಂತ ಆ ನದಿಯಲ್ಲಿ ಪಳಗಿ ಹೊರಬಂದ ವಿದ್ಯಾರ್ಥಿಗಳ ಪರಂಪರೆಯೇ ದೊಡ್ಡದೆಂದು ನನಗನಿಸುತ್ತದೆ.

ಇಂಥ ಹೋಲಿಕೆಗೆ ಬೇಕಾದ ಜೋಡಿ ನದಿಗಳು ನಮ್ಮಲ್ಲೂ ಇವೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದರ ನೆರೆಯಲ್ಲೇ ಹರಿದು ಕುಮಟಾ ಬಳಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆ ಒಂದೇ, ಘಟ್ಟ ಒಂದೇ, ನದಿಗಳು ಮಾತ್ರ ಎರಡು ಬಗೆ. ಅಘನಾಶಿನಿಯ ನೀರನ್ನು ತಿರುಗಿಸುವ ಪ್ರಸ್ತಾಪಗಳು ಮತ್ತೆ ಮತ್ತೆ ಬರುತ್ತಿವೆ. ಆ ಚರ್ಚೆಯಲ್ಲಿ ಪಾಚಿ, ಹುಳ, ಮೀನುಗಳ ಪರವಾಗಿ ಮಾತನಾಡಲು ಕೈಯಲ್ಲಿ ದಾಖಲೆ ಇರಬೇಕು. ರಾಜ್ಯದ ವಿಶ್ವವಿದ್ಯಾಲಯಗಳು ಸೇರಿ ಅಘನಾಶಿನಿಯ ದಡದಲ್ಲಿ ಒಂದು ಪುಟ್ಟ ಕ್ಷೇತ್ರ ಕೇಂದ್ರ ಕಟ್ಟಲಿ. ಕನಿಷ್ಠ ಇಪ್ಪತ್ತು ಮಳೆಗಾಲಗಳ ಮಟ್ಟಿಗೆ ಅದನ್ನು ಮುಚ್ಚದಿರಲಿ.